ಮಾತ್ರೆ ಬೇಡ, ನೋನಿ ಸಾಕು ಅಂದವರು

ನಾನು ಆಪ್ತಸಲಹೆಗಾರ್ತಿ. ಇಂಥ ಪ್ರಕರಣ ನನ್ನ ಬಳಿ ಪದೇ ಪದೇ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಐವತ್ತು ದಾಟಿದ ಸರ್ಕಾರಿ ನೌಕರರು. ಬಿಪಿಗೆ ಡಾಕ್ಟರು ಟೆಲ್ಮಿಸಾರ್ಟನ್ ಬರೆದಿದ್ದರು. ಅದನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಜೊತೆಗೆ ಬಂಧುವೊಬ್ಬರು ಮಾರುವ ನೋನಿ ಅನ್ನುವ ಹಣ್ಣಿನ ರಸ, ಬೀಟ್‌ರೂಟ್ ಪುಡಿ, ಮೆಗ್ನೀಸಿಯಂ. ಅಡುಗೆಗೆ ಸೋಡಿಯಂ ಕಡಿಮೆ ಇರುವ ಉಪ್ಪು. ಮನೆಯಲ್ಲಿ ದಿನಾ ಇದೇ ಜಗಳ ಅಂತ ಹೆಂಡತಿ ಕರೆತಂದಿದ್ದರು.

ಒಮ್ಮೆ ಅವರೊಬ್ಬರನ್ನೇ ಕೂರಿಸಿ ಕೇಳಿದೆ: "ಮಾತ್ರೆ ಕೈಗೆ ತಗೊಂಡಾಗ ಏನನ್ನಿಸುತ್ತೆ?"

"ನಾನು ರೋಗಿ ಅನ್ನಿಸುತ್ತೆ ಮೇಡಂ. ನೋನಿ ಕುಡಿದಾಗ ಆರೋಗ್ಯ ನೋಡ್ಕೊಳ್ತಿದ್ದೀನಿ ಅನ್ನಿಸುತ್ತೆ."

ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು. "ನಮ್ಮಪ್ಪ ಮಾತ್ರೆ ಶುರು ಮಾಡಿದ್ಮೇಲೆ ಹಾಸಿಗೆಯಿಂದ ಏಳಲೇ ಇಲ್ಲ."

"ಅದಕ್ಕೆ ಮುಂಚೆ ಅವರಿಗೆ ಬಿಪಿ ಇತ್ತಾ?"

"ಇತ್ತು. ಎಷ್ಟೋ ವರ್ಷದಿಂದ. ಮಾತ್ರೆ ಬೇಡ ಅಂತಿದ್ರು. ಲಕ್ವ ಹೊಡೆದ ಮೇಲೆ ತಾನೇ ಡಾಕ್ಟರು..." ಅಂದವರು ಮಾತು ನಿಲ್ಲಿಸಿದರು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಅವರ ಬಾಯಲ್ಲೇ ಬಂದಿತ್ತು. ನಾನು ಏನೂ ಸೇರಿಸಲಿಲ್ಲ.

ಎಲ್ಲವನ್ನೂ ಬಿಸಾಡಿ ಅಂತ ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಜನ ಬಚ್ಚಿಟ್ಟು ತಗೊಳ್ಳುತ್ತಾರೆ. ಬಾಟಲಿ, ಪುಡಿ, ಉಪ್ಪಿನ ಪ್ಯಾಕೆಟ್ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಈ ವಾರವೇ ಡಾಕ್ಟರ ಮುಂದಿಡಿ ಅಂದೆ. ದಿನ ಬಿಟ್ಟು ದಿನ ನುಂಗುವ ವಿಷಯವನ್ನೂ ಹೇಳಿ. ಇಲ್ಲದಿದ್ದರೆ ಔಷಧ ಸಾಲುತ್ತಿಲ್ಲ ಅಂದುಕೊಂಡು ಅವರು ಡೋಸ್ ಜಾಸ್ತಿ ಮಾಡಬಹುದು. ಪೊಟ್ಯಾಸಿಯಂ, ಮತ್ತೆ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಬೇಕಾ ಅಂತ ಕೇಳಿ.

ಆಪ್ತಸಲಹೆಗಾರರಿಗೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ಔಷಧ ಬದಲಿಸುವುದು ನನ್ನ ಕೆಲಸವಲ್ಲ, ನಿಜ. ಆದರೆ ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ. ನೋನಿಯಲ್ಲೂ ಪೊಟ್ಯಾಸಿಯಂ ಇದೆ. ಆ ಉಪ್ಪಿನಲ್ಲಂತೂ ಸೋಡಿಯಂ ಬದಲು ಹಾಕಿರುವುದೇ ಅದನ್ನು. ಮೂರೂ ಸೇರಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಕಿಡ್ನಿ ದುರ್ಬಲವಾಗಿದ್ದರೆ ಅಪಾಯ ಇನ್ನೂ ಜಾಸ್ತಿ. ಇದು ಗೊತ್ತಿದ್ದೂ ಬರೀ ಭಾವನೆಯ ಮಾತಾಡಿ ಕಳಿಸಲು ನನಗೆ ಮನಸ್ಸು ಒಪ್ಪಲಿಲ್ಲ.

ಪೂರಕಗಳ ಮೇಲೆ ನನಗೆ ದ್ವೇಷವಿಲ್ಲ. ಮೆಗ್ನೀಸಿಯಂನಿಂದ ಬಿಪಿ ಸರಾಸರಿ ಒಂದೆರಡು ಪಾಯಿಂಟ್ ಇಳಿಯಬಹುದು, ಅಷ್ಟೇ. ಡಬ್ಬಿಯ ಮೇಲೇ ಇದು ಔಷಧಿಯಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮವೇ ಹಾಗೆ ಬರೆಯಬೇಕು ಅನ್ನುತ್ತದೆ. ಅತ್ತ ಉಪ್ಪಿನಕಾಯಿ, ಹಪ್ಪಳದಲ್ಲಿರುವ ಉಪ್ಪನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇವೆಲ್ಲ ಸೇರಿ.

ಹೆಂಡತಿಗೂ ಒಂದು ಮಾತು ಹೇಳಿದೆ. "ಮಾತ್ರೆ ನುಂಗಿದ್ರಾ ಅಂತ ದಿನಾ ಕೇಳಬೇಡಿ. ಬೆಳಗ್ಗೆ ಜೊತೆಗೆ ಕೂತು ಬಿಪಿ ನೋಡಿ, ಪುಸ್ತಕದಲ್ಲಿ ಬರೆದಿಡಿ."

ಡಾಕ್ಟರು ನೋನಿ ಮತ್ತು ಆ ಉಪ್ಪನ್ನು ನಿಲ್ಲಿಸಿದರು. ಬೀಟ್‌ರೂಟ್ ಪುಡಿ ಇರಲಿ ಅಂದರು. ಈಗ ಅವರು ಮಾತ್ರೆಯನ್ನು ದಿನಾ ತಗೊಳ್ಳುತ್ತಿದ್ದಾರೆ. ಅಪ್ಪನ ಬಗ್ಗೆ ಮಾತಾಡುವುದು ಇನ್ನೂ ಬಾಕಿ ಇದೆ, ಅದಕ್ಕಾಗಿ ಬರುತ್ತಿದ್ದಾರೆ.