ಯುದ್ಧಕ್ಕೆ ಹೊರಟವನು ಹೆಂಡತಿಗೆ ಸಾವಿನ ಮಾತು ಬರೆಯಬಹುದೇ?

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮೇಜರ್ ಸಲಿವನ್ ಬಲೂ ತನ್ನ ಪತ್ನಿ ಸಾರಾಳಿಗೆ ಬರೆದ ಪತ್ರವನ್ನು ಓದಿ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ: ಅದು ನಿಜವಾಗಿಯೂ ಆತನದೇ ಪತ್ರವೇ, ಮತ್ತು ಯುದ್ಧಕ್ಕೆ ಹೊರಟವನು ಹೀಗೆ ಸಾವಿನ ಮಾತು ಬರೆದು ಮನೆಯಲ್ಲಿರುವವಳ ನೆಮ್ಮದಿ ಕೆಡಿಸುವುದು ಸರಿಯೇ? ನಾನು ಉಡುಪಿ ಸಮೀಪದ ಕಟಪಾಡಿಯವಳು, ಭೂಸೇನೆಯಿಂದ ನಿವೃತ್ತರಾದವರ ಹೆಂಡತಿ. ಆದ್ದರಿಂದ ಎರಡನೆಯ ಪ್ರಶ್ನೆಯ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಪತ್ರ ಆತನದೇ. ರೋಡ್ ಐಲೆಂಡ್‌ನ ವಕೀಲನಾಗಿದ್ದ ಬಲೂ ಆ ರಾಜ್ಯದ ಎರಡನೆಯ ಪದಾತಿ ರೆಜಿಮೆಂಟಿನಲ್ಲಿದ್ದ. 1861ರ ಜುಲೈ 14ರಂದು ವಾಷಿಂಗ್ಟನ್ನಿನ ಶಿಬಿರದಿಂದ ಅದನ್ನು ಬರೆದ. ಜುಲೈ 21ರಂದು ವರ್ಜೀನಿಯಾದಲ್ಲಿ ನಡೆದ ಬುಲ್ ರನ್ ಕದನದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಕಳೆದುಕೊಂಡು, ಸುಮಾರು ಒಂದು ವಾರದ ಬಳಿಕ ತೀರಿಕೊಂಡ. ಆಗ ಅವನಿಗೆ 32 ವರ್ಷ, ಸಾರಾಳಿಗೆ 24. ಪತ್ರವನ್ನು ಆತ ಅಂಚೆಗೆ ಹಾಕಿರಲೇ ಇಲ್ಲ. ಸತ್ತ ಮೇಲೆ ಅದು ಆತನ ಸಾಮಾನುಗಳ ನಡುವೆ ದೊರೆಯಿತು. ಇಂದು ಉಳಿದಿರುವುದು ಅದರ ನಕಲುಗಳು.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಲೆಕ್ಕದ ಪ್ರಾಮಾಣಿಕತೆ. ದೇಶಕ್ಕಾಗಿ ತನ್ನ ಸುಖವನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ ಎಂದು ಹೇಳುವವರು ಬಹಳ ಮಂದಿ. ತನ್ನ ಸುಖದ ಜೊತೆಗೆ ಹೆಂಡತಿಯ ಬಹುಪಾಲು ಸುಖವನ್ನೂ ತಾನು ಒತ್ತೆಯಿಡುತ್ತಿದ್ದೇನೆ ಎಂಬ ಅರಿವು ಬಲೂವಿನ ಮಾತುಗಳಲ್ಲಿದೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಅನಾಥತನದ ಕಹಿ ಉಂಡವನು, ಅದೇ ಕಹಿಯನ್ನು ತನ್ನ ಇಬ್ಬರು ಗಂಡುಮಕ್ಕಳಿಗೂ ಬಡಿಸಬೇಕಾದೀತು ಎಂದು ಬರೆಯುತ್ತಾನೆ. ಕಿರಿಯವನಿಗೆ ತನ್ನ ನೆನಪೇ ಉಳಿಯುವುದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ತಾನು ಕೊಟ್ಟ ನೋವುಗಳಿಗೆ ಕ್ಷಮೆ ಕೇಳುತ್ತಾನೆ. ಹೊರಡುವುದು ಖಚಿತವೆಂದು ತಿಳಿದೂ, ಅದರ ಬೆಲೆ ತೆರುವವಳು ಯಾರೆಂಬುದನ್ನು ಒಪ್ಪಿಕೊಂಡ ಗಂಡಸಿನ ಮಾತು ಅದು.

1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ನನ್ನವರು ಕಾಶ್ಮೀರದಲ್ಲಿದ್ದರು. ಎಲ್ಲಿದ್ದಾರೆಂದು ನಮಗೆ ಗೊತ್ತಿರಲಿಲ್ಲ, ಏಕೆಂದರೆ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ನಂಬರು, ಹೆಸರು, ಯುನಿಟ್, ಕೇರ್ ಆಫ್ 56 ಎ.ಪಿ.ಒ. (ಸೇನೆಯ ಅಂಚೆ ಕಚೇರಿ), ಅಷ್ಟೇ. ನೀಲಿ ಇನ್‌ಲ್ಯಾಂಡ್ ಪತ್ರ, ಗೋಂದು ಹಚ್ಚುವ ಅಂಚಿನವರೆಗೂ ಸಣ್ಣ ಅಕ್ಷರ. ಮನೆಯಲ್ಲಿ ನಾವು ಆಡುವುದು ತುಳು, ಆದರೆ ಪತ್ರ ಬರೆಯುತ್ತಿದ್ದುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಹೆಸರು ನನ್ನದಾದರೂ ಪತ್ರ ಮನೆಗೆಲ್ಲ ಸೇರಿದ್ದು. ಚಾವಡಿಯಲ್ಲಿ ಕುಳಿತ ಅತ್ತೆಯವರಿಗೆ ನಾನೇ ಗಟ್ಟಿಯಾಗಿ ಓದಬೇಕಾಗಿತ್ತು: ಅಮ್ಮನಿಗೆ ನಮಸ್ಕಾರಗಳು, ಇಲ್ಲಿ ಎಲ್ಲ ಕ್ಷೇಮ, ಗದ್ದೆಯ ನಾಟಿ ಮುಗಿಯಿತೇ, ಮಗುವಿನ ಜ್ವರ ಬಿಟ್ಟಿತೇ. ಟಿ.ವಿ.ಯ ವಾರ್ತೆಯಲ್ಲಿ ಶವಪೆಟ್ಟಿಗೆಗಳನ್ನು ನೋಡಿದ ಮೇಲೆ ‘ಎಲ್ಲ ಕ್ಷೇಮ’ ಎಂಬ ಮಾತನ್ನು ಓದುವಾಗ ನನಗೆ ಸಮಾಧಾನಕ್ಕಿಂತ ಒಂಟಿತನವೇ ಹೆಚ್ಚಾಗುತ್ತಿತ್ತು. ನನ್ನ ಭಯ ಅವರಿಗೆ ತಿಳಿದಿತ್ತು, ಅವರದು ನನಗೆ ತಿಳಿದಿತ್ತು, ಆದರೆ ಇಬ್ಬರೂ ನಾಟಿಯ ವಿಷಯವನ್ನೇ ಬರೆದುಕೊಂಡೆವು. ಅವರು ಕ್ಷೇಮವಾಗಿ ಮರಳಿದರು. ಆದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಬರೆಯಬೇಕು. ನೆಮ್ಮದಿ ಆ ಮನೆಯಲ್ಲಿ ಮೊದಲೇ ಇರುವುದಿಲ್ಲ. ಸತ್ಯ ಬರೆದರೆ ಕೆಡುವಂಥದ್ದು ಏನೂ ಉಳಿದಿರುವುದಿಲ್ಲ.

ಹಾಗಾದರೆ ಬಲೂ ಅದನ್ನು ಏಕೆ ಕಳುಹಿಸಲಿಲ್ಲ ಎಂದು ನೀವು ಕೇಳಬಹುದು. ಆ ಪತ್ರದ ನಂತರ ಆತ ಬರೆದ ಬೇರೆ ಪತ್ರಗಳು ಸಾರಾಳಿಗೆ ತಲುಪಿದ್ದವು, ಅವು ಹೆಚ್ಚು ಲವಲವಿಕೆಯ ಪತ್ರಗಳು. ಬದುಕಿರುವಷ್ಟು ದಿನ ಧೈರ್ಯದ ಮಾತು, ಬದುಕಿಲ್ಲದಿದ್ದರೆ ಪೂರ್ತಿ ಮಾತು ಎಂದು ಆತ ವಿಂಗಡಿಸಿಕೊಂಡಿದ್ದನೆಂದು ನಾನು ತಿಳಿಯುತ್ತೇನೆ. ಪತ್ರದ ಆರಂಭದಲ್ಲಿಯೇ, ತಾನಿಲ್ಲದಾಗ ಅವಳ ಕಣ್ಣಿಗೆ ಬೀಳಲಿ ಎಂದು ಬರೆಯುತ್ತಿರುವುದಾಗಿ ಹೇಳಿದ್ದಾನೆ. ನಮ್ಮ ಕ್ಯಾಪ್ಟನ್ ವಿಜಯಂತ್ ಥಾಪರ್ ಕೂಡ ಹಾಗೆಯೇ ಮಾಡಿದರು. ಕಾರ್ಗಿಲ್ ಯುದ್ಧದಲ್ಲಿ 1999ರ ಜೂನ್ 29ರಂದು, 22ನೆಯ ವಯಸ್ಸಿನಲ್ಲಿ ಮಡಿದ ಅವರು ತಮ್ಮ ಮನೆಯವರಿಗೆಂದು ಬರೆದಿಟ್ಟಿದ್ದ ಪತ್ರದಲ್ಲಿ, ತಮಗೆ ಪರಿಚಯವಾಗಿದ್ದ ಪುಟ್ಟ ಹುಡುಗಿಯೊಬ್ಬಳಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ ಎಂಬ ಕೋರಿಕೆಯೂ ಇತ್ತು. ಹೀಗೆ ಮಾಡಬೇಕಾದ ಕೆಲಸವೊಂದನ್ನು ಬಿಟ್ಟುಹೋಗುವ ಪತ್ರ ಉಳಿದವರಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಸೈನಿಕರ ಮನೆಯವರು ಬಲ್ಲರು.

ಸಾರಾ ಮರುಮದುವೆಯಾಗಲಿಲ್ಲ, 1917ರಲ್ಲಿ ತೀರಿಕೊಂಡಳು. ಆ ಪತ್ರದಿಂದಲೇ ಅವಳು ಹಾಗೆ ಉಳಿದಳೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಬ್ಬರು ಮಕ್ಕಳನ್ನು ಸಾಕಬೇಕಿದ್ದ ಹೆಣ್ಣಿನ ನಿರ್ಧಾರಕ್ಕೆ ಅವಳದೇ ಕಾರಣಗಳಿರುತ್ತವೆ.

ಕೊನೆಯದಾಗಿ ಒಂದು ಸೂಚನೆ. ನೀವು ಓದಿದ್ದು ಬಹುಶಃ 1990ರ ಅಮೆರಿಕನ್ ದೂರದರ್ಶನ ಸಾಕ್ಷ್ಯಚಿತ್ರದಲ್ಲಿ ಬಳಸಿದ ಸಂಕ್ಷಿಪ್ತ ರೂಪವಾಗಿರಬಹುದು. ಅದರಲ್ಲಿ ಪ್ರೇಮದ ಸಾಲುಗಳು ಉಳಿದು, ಆತನ ಬಾಲ್ಯ ಮತ್ತು ಕುಟುಂಬದ ಕುರಿತ ಹಲವು ಮಾತುಗಳು ಬಿಟ್ಟುಹೋಗಿವೆ. ಪೂರ್ಣ ಪಾಠವನ್ನು ಹುಡುಕಿ ಓದಿ. ಮಕ್ಕಳ ಬಗ್ಗೆ ಬರೆದ ಭಾಗವನ್ನು ಓದದೆ ಆತ ಸಾರಾಳಿಂದ ಕ್ಷಮೆ ಕೇಳಿದ್ದು ಏಕೆಂದು ಅರ್ಥವಾಗುವುದಿಲ್ಲ.