1941ರ ಚೀಟಿ ತಪ್ಪು ಚಿಕಿತ್ಸೆಯದಲ್ಲ

ದಾವಣಗೆರೆಯ ಮನೆಯಲ್ಲಿ ಸಿಕ್ಕ 1941ರ ವೈದ್ಯರ ಔಷಧ ಚೀಟಿಯನ್ನು ಮುಂದಿಟ್ಟು, ನಿಮ್ಮ ಅಜ್ಜನ ತಂಗಿಗೆ ಇದ್ದ ಕಾಯಿಲೆ ಯಾವುದೆಂದು ಕೇಳಿದ್ದೀರಿ. ಅದರಲ್ಲಿ ನೋವು-ಜ್ವರ ಇಳಿಸುವ ಸೋಡಿಯಂ ಸ್ಯಾಲಿಸಿಲೇಟ್, ಹೃದಯಕ್ಕೆ ಕೊಡುವ ಡಿಜಿಟಾಲಿಸ್ ಮತ್ತು ಮೂರು ತಿಂಗಳ ಹಾಸಿಗೆ ವಿಶ್ರಾಂತಿ ಒಟ್ಟಿಗೇ ಇರುವುದರಿಂದ, ಅವರಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಬಂದದ್ದು ಬಹುಶಃ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಮತ್ತು ಅದರಿಂದಾದ ಹೃದಯದ ಉರಿಯೂತ. ವೈದ್ಯರ ತಪ್ಪಿನಿಂದ ಸಾವು ಸಂಭವಿಸಿತೆಂಬ ಮನೆಯವರ ಮಾತಿಗೆ ಈ ಚೀಟಿ ಆಧಾರವಾಗುವುದಿಲ್ಲ.

ಕೀಲುನೋವಿನ ಜ್ವರಕ್ಕೂ ಹೃದಯದ ಉರಿಯೂತಕ್ಕೂ ಇರುವ ನಂಟನ್ನು ಫ್ರಾನ್ಸಿನ ವೈದ್ಯ ಬುಯೋ 1836ರಲ್ಲಿಯೇ ವಿವರಿಸಿದ್ದರು. 1876ರಲ್ಲಿ ಮ್ಯಾಕ್‌ಲಗನ್ ಎಂಬ ವೈದ್ಯರು ವಿಲೋ ತೊಗಟೆಯ ಸ್ಯಾಲಿಸಿನ್‌ನಿಂದ ಜ್ವರವೂ ಕೀಲುಬಾವೂ ಇಳಿಯುವುದನ್ನು ಪ್ರಕಟಿಸಿದ ಮೇಲೆ ಚೀಟಿಯಲ್ಲಿರುವ ಸ್ಯಾಲಿಸಿಲೇಟೂ ಸೇರಿದ ಆ ವರ್ಗದ ಔಷಧವೇ ರೂಢಿಯಾಯಿತು. ಆದರೆ ಅದು ನೋವನ್ನು ಇಳಿಸುತ್ತಿತ್ತೇ ಹೊರತು ಹೃದಯದ ಕವಾಟಗಳ ಹಾನಿಯನ್ನು ತಡೆಯುತ್ತಿರಲಿಲ್ಲ. ಪೆನಿಸಿಲಿನ್ ಏಕೆ ಕೊಡಲಿಲ್ಲವೆಂದು ಕೇಳಿದ್ದೀರಿ: ಅದೇ 1941ರಲ್ಲಿ ಆಕ್ಸ್‌ಫರ್ಡಿನ ರೋಗಿಯೊಬ್ಬರಿಗೆ ಕೊಟ್ಟ ಔಷಧವೇ ಸಾಲದೆ, ಅವರ ಮೂತ್ರದಿಂದ ಅದನ್ನು ಮರಳಿ ತೆಗೆಯಬೇಕಾಗಿತ್ತು; ಹಾಗಿರುವಾಗ ದಾವಣಗೆರೆಯಲ್ಲಿ ಅದು ಸಿಗುವಂತಿರಲಿಲ್ಲ.

ಮೊದಲು ಚೀಟಿಯ ಹಿಂಬದಿಯಲ್ಲಿ ಕೀಲುಬಾವಿನ ಉಲ್ಲೇಖವಿದೆಯೇ ನೋಡಿ. ಅನಂತರ ಮನೆಯ ಹಿರಿಯರಲ್ಲಿ ಏದುಸಿರು, ಕಾಲುಬಾವು, ಕೈಕಾಲುಗಳ ತಡೆಯಲಾಗದ ಅದುರಾಟ ಇತ್ತೇ ಎಂದು ಒಂದೊಂದಾಗಿ ವಿಚಾರಿಸಿ. ಕೊನೆಯದು ಇದ್ದರೆ ರುಮ್ಯಾಟಿಕ್ ಜ್ವರದ ಅನುಮಾನ ಬಹಳ ಗಟ್ಟಿಯಾಗುತ್ತದೆ. ಕೀಲುನೋವೇ ಇಲ್ಲದೆ ತಿಂಗಳುಗಟ್ಟಲೆ ಜ್ವರವಿದ್ದರೆ ಕವಾಟಕ್ಕೆ ನೇರವಾಗಿ ತಗಲುವ ಸೋಂಕೂ ಆಗಿರಬಹುದು. ಆ ಕಾಲದಲ್ಲಿ ಅದರಿಂದ ಬದುಕುಳಿದವರು ತೀರಾ ವಿರಳ. ಚೀಟಿಯೊಂದರಿಂದಲೇ ಇವೆರಡನ್ನೂ ಬೇರ್ಪಡಿಸಲಾಗದ ಕಾರಣ, ಕುಟುಂಬದ ಚರಿತ್ರೆಯಲ್ಲಿ ‘ರುಮ್ಯಾಟಿಕ್ ಹೃದಯರೋಗವಿದ್ದಿರಬಹುದು’ ಎಂದಷ್ಟೇ ಬರೆಯಿರಿ.