ಹಾಟ್‌ಸ್ಪಾಟ್ ಕಾಣ್ತದೆ, ಐಪಿ ಮಾತ್ರ ಸಿಗಲ್ಲ!

ಪ್ರಶ್ನೆ: ಸಾರ್, ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿಗೆ ಬುಕ್‌ವರ್ಮ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಹಳೇ ವಿಡಿಯೋ ನೋಡಿ ಹೋಸ್ಟ್‌ಎಪಿಡಿ, ಡಿಎನ್‌ಎಸ್‌ಮಾಸ್ಕ್ ಅನ್ನೋ ಎರಡು ಪ್ರೋಗ್ರಾಂ ಹಾಕಿ ಹಾಟ್‌ಸ್ಪಾಟ್ ಮಾಡಿದೆ. ಫೋನಿನಲ್ಲಿ ಹೆಸರು ಕಾಣುತ್ತದೆ, ಪಾಸ್‌ವರ್ಡೂ ಒಪ್ಪುತ್ತದೆ. ಆದರೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಫೋನನ್ನು ಗುರುತಿಸೋ ಸಂಖ್ಯೆ) ಸಿಗದೆ ಸುತ್ತುತ್ತಲೇ ಇರುತ್ತದೆ. ವೈಫೈ ಚಿಪ್ ಹೋಗಿದೆಯಾ?

ಉತ್ತರ: ಚಿಪ್ ಚೆನ್ನಾಗೇ ಇದೆ. ಹೆಸರು ಕಾಣುತ್ತಿದೆ, ಪಾಸ್‌ವರ್ಡ್ ಒಪ್ಪುತ್ತಿದೆ ಅಂದ್ರೆ ಹೋಸ್ಟ್‌ಎಪಿಡಿ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಐಪಿ ಹಂಚೋದು ಡಿಎನ್‌ಎಸ್‌ಮಾಸ್ಕ್, ಎಡವಿರೋದು ಅಲ್ಲಿ. ಹಳೇ ವಿಡಿಯೋಗಳು ಪೈಗೆ ಸ್ಥಿರ ಐಪಿ ಕೊಡೋಕೆ ಡಿಎಚ್‌ಸಿಪಿಸಿಡಿ (ಹಿಂದೆ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಪ್ರೋಗ್ರಾಂ) ಫೈಲಿನಲ್ಲಿ ಬರೆಯಿರಿ ಅನ್ನುತ್ತವೆ, ಆದರೆ 2023ರಲ್ಲಿ ಬಂದ ಬುಕ್‌ವರ್ಮ್‌ನಲ್ಲಿ ಆ ಜಾಗಕ್ಕೆ ನೆಟ್‌ವರ್ಕ್‌ಮ್ಯಾನೇಜರ್ ಬಂದು ಕೂತಿದೆ, ಹಾಗಾಗಿ ನೀವು ಬರೆದದ್ದನ್ನು ಓದೋರೇ ಇಲ್ಲ. ಪೈಯ ವೈಫೈಗೆ (ಡಬ್ಲ್ಯೂಲ್ಯಾನ್0) ತನಗೇ ವಿಳಾಸ ಇಲ್ಲ, ಇನ್ನು ಫೋನಿಗೆ ಎಲ್ಲಿಂದ ಕೊಡುತ್ತದೆ?

ಹೋಸ್ಟ್‌ಎಪಿಡಿ, ಡಿಎನ್‌ಎಸ್‌ಮಾಸ್ಕ್ ಎರಡೂ ಸರ್ವಿಸ್‌ಗಳನ್ನು ನಿಲ್ಲಿಸಿ, ಡಿಸೇಬಲ್ ಮಾಡಿ. ಡಿಎನ್‌ಎಸ್‌ಮಾಸ್ಕ್ ಹಾಗೇ ಓಡುತ್ತಿದ್ದರೆ ಹೊಸ ಹಾಟ್‌ಸ್ಪಾಟಿಗೂ ಅಡ್ಡ ಬರುತ್ತದೆ, ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಆಮೇಲೆ ಮೇಲಿನ ನೆಟ್‌ವರ್ಕ್ ಐಕಾನ್ ಒತ್ತಿ, ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಾಟ್‌ಸ್ಪಾಟ್ ಮಾಡಿ. ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕು. ಪೈಗೆ ಸಾಮಾನ್ಯವಾಗಿ 10.42.0.1 ವಿಳಾಸ ಬರುತ್ತದೆ, ಫೋನಿಗೂ ಅದೇ ಸಾಲಿನದ್ದು ಸಿಕ್ಕರೆ ಕೆಲಸ ಆಯ್ತು.

ಇಂಟರ್‌ನೆಟ್ಟೂ ಬೇಕಲ್ವಾ? ಅದನ್ನು ಲ್ಯಾನ್ ಕೇಬಲ್‌ನಲ್ಲಿ ಕೊಡಿ. ಪೈಯಲ್ಲಿರೋದು ಒಂದೇ ವೈಫೈ ರೇಡಿಯೋ, ಅದರಲ್ಲೇ ಮನೆ ವೈಫೈ ಹಿಡಿದು ಅದರಲ್ಲೇ ಹಂಚೋದು ಸುಮ್ನೆ ತಲೆನೋವು. ವೈಫೈ ದೇಶ ಇಂಡಿಯಾ ಅಂತ ಇದೆಯಾ, ಅದನ್ನೂ ರಾಸ್ಪಿ-ಕಾನ್ಫಿಗ್ ಅನ್ನೋ ಸೆಟ್ಟಿಂಗ್ಸ್ ಪ್ರೋಗ್ರಾಂನಲ್ಲಿ ಒಮ್ಮೆ ನೋಡಿ.